ಉಸಿರಾಡುತ್ತಿದ್ದ ಬೋರು

ಚಿಕ್ಕಪ್ಪ,

ನಿನ್ನ ಗಿರ್ಜಿ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ಈ ಹುಡುಗಿಯ ಬಾಯಿಂದ ಮಾತು ಹೊರಡುವುದಿಲ್ಲ, ಕಾಗದ ಕೊಟ್ಟರೆ ಎಲ್ಲಾ ಹೇಳಿಬಿಡುತ್ತಾಳೆ ಅಂತ ನೀನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಒಂದು ವರ್ಷದಿಂದ ಒಂದು ಮಾತು ಹೊರಡದೆ ಉಳಿದಿದೆ. ನಾಳೆ ಬೆಳಿಗ್ಗೆ ಹಾಲಪ್ಪಣ್ಣ ತನ್ನ ತೋಟದ ಒಣ ಬೋರಿಗೆ ಕಬ್ಬಿಣದ ಮುಚ್ಚಳ ಹಾಕಿಸಿ, ಮೇಲೆ ಸಿಮೆಂಟು ಬಳಿಸುತ್ತಾನಂತೆ. ಅದಕ್ಕೆ ಮೊದಲು ನಿನಗೆ ಇದು ತಲುಪಬೇಕು.

ನೀನು ನನ್ನನ್ನು ಮೊದಲ ಸಲ ಕೆಲಸಕ್ಕೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಎಂ.ಎ. ಮುಗಿಸಿ ಕಡೂರಿನ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಬೋರ್‌ವೆಲ್ಲಿನೊಳಗೆ ಕ್ಯಾಮೆರಾ ಬಿಡುವುದು ನಿನ್ನ ಕಸುಬು. ಯಾರದೋ ಮೋಟಾರು ಒಳಗೆ ಸಿಕ್ಕಿಕೊಂಡಿರುತ್ತಿತ್ತು, ಯಾರದೋ ನೀರು ಇದ್ದಕ್ಕಿದ್ದಂತೆ ನಿಂತಿರುತ್ತಿತ್ತು. ನಾನು ಟವೆಲಿನ ನೆರಳು ಮಾಡಿಕೊಂಡು ಪುಟ್ಟ ಪರದೆ ನೋಡುತ್ತಾ ಎಷ್ಟು ಅಡಿಗೆ ಬಿರುಕು, ಎಷ್ಟು ಅಡಿಗೆ ಕೆಸರು ಎಂದು ಬರೆದುಕೊಳ್ಳಬೇಕಿತ್ತು. ದುಂಡನೆಯ ಬೆಳಕಿನೊಳಗೆ ಒದ್ದೆ ಬಂಡೆ ಮೇಲಕ್ಕೆ ಜಾರುತ್ತಾ ಹೋಗುತ್ತಿತ್ತು. ಬೋರಿನವರಿಗೆ ನೀರು ಕಂಡರೆ ಸಾಕು. ನಿನಗೆ ಸಾಲುತ್ತಿರಲಿಲ್ಲ. ಅವರು ಎತ್ತಪ್ಪ ಅಂದ ಮೇಲೂ ಇನ್ನು ಹತ್ತಡಿ, ಇನ್ನು ಹತ್ತೇ ಅಡಿ ಅಂತ ಕೇಬಲ್ಲು ಬಿಡುತ್ತಿದ್ದೆ.

ಪಂಚನಹಳ್ಳಿಯಲ್ಲಿ ಹಾಲಪ್ಪಣ್ಣನ ಬೋರಿಗೆ ಇಳಿಸಿದ ದಿನವೂ ಅಷ್ಟೇ. ನಾನೂರು ಅಡಿ ದಾಟಿದ ಮೇಲೆ ಒಂದು ಪಕ್ಕದಲ್ಲಿ ಬಂಡೆ ಇರಲಿಲ್ಲ. ಬೆಳಕು ಆ ಕಡೆ ಹೋಯಿತು, ಹೋಗಿ ಯಾವುದಕ್ಕೂ ತಗುಲಲಿಲ್ಲ. ನಾನು ಬರೆಯಲು ಪೆನ್ನು ಎತ್ತಿ, ಏನೆಂದು ಬರೆಯಬೇಕೋ ತಿಳಿಯದೆ ನಿನ್ನ ಮುಖ ನೋಡಿದೆ. ನೀನು ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಪೈಪಿನ ಬಾಯಿಗೆ ಮುಖ ಇಟ್ಟೆ. ನಿನ್ನ ಹಣೆಯ ಕೂದಲು ಅಲುಗಿತು. ತೋಟದಲ್ಲಿ ಒಂದು ಗರಿಯೂ ಅಲುಗದ ಮಧ್ಯಾಹ್ನ ಅದು. ಸಂಜೆಯವರೆಗೂ ಅಲ್ಲೇ ಕೂತೆವು. ಬಿಸಿಲಿರುವಷ್ಟು ಹೊತ್ತೂ ಹೊರಗೆ ಬರುತ್ತಿದ್ದ ತಣ್ಣನೆಯ ಗಾಳಿ, ಹೊತ್ತು ಇಳಿದಂತೆ ನಿಂತು, ಮೆಲ್ಲಗೆ ಒಳಕ್ಕೆ ಹೋಗತೊಡಗಿತು. ನೀನು ಇಟ್ಟ ಹೊಂಗೆ ಎಲೆ ಪೈಪಿನ ಬಾಯಿಗೆ ಅಂಟಿಕೊಂಡಿತು.

“ಉಸಿರಾಡ್ತೈತೆ ಕಣೆ ಕೂಸೇ,” ಅಂದೆ ನೀನು. ತಮಾಷೆ ಮಾಡುತ್ತಿದ್ದೀಯ ಅಂದುಕೊಂಡು ನಾನು ನಕ್ಕೆ. ನೀನು ನಗಲಿಲ್ಲ.

ಆಮೇಲೆ ನೀನು ಬೇರೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟೆ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದ್ದರೂ ಬೋರಿನ ಪಕ್ಕ ಎಲೆ ಹಿಡಿದು ಕೂತಿರುತ್ತಿದ್ದೆ. ಬೋರಿಗೆ ದಮ್ಮು ಬಂದಿದೆ, ಡಾಕ್ಟರನ್ನು ಕರೆಸು ಎಂದು ಹಾಲಪ್ಪಣ್ಣ ರೇಗಿಸಿದ. ವಾತಾವರಣದ ಒತ್ತಡ ಏರಿಳಿದಾಗ ಒಣ ಬೋರುಗಳಲ್ಲಿ ಹೀಗಾಗುವುದುಂಟು ಎಂದು ನಾನು ಎಲ್ಲೋ ಓದಿ ಬಂದು ಹೇಳಿದೆ. ನೀನು ಪೂರ್ತಿ ಕೇಳಿಸಿಕೊಂಡು, “ಅದು ಸರಿ. ಒಳಗೆ ಹೋದದ್ದು ಎಲ್ಲಿಗೆ ಹೋಗ್ತೈತೆ?” ಅಂದೆ. ಉತ್ತರವೂ ನಿನ್ನ ಹತ್ತಿರವೇ ಇತ್ತು: ಮೂರು ಹೊಲ ಆಚೆಗಿನ ಹಾಳುಬಾವಿ. ಅದರ ತಳದಲ್ಲಿ ಹಿಂದೆ ಯಾರೋ ನೀರಿಗಾಗಿ ಪಕ್ಕಕ್ಕೆ ಅಡ್ಡಬೋರು ಕೊರೆಸಿದ್ದರಂತೆ. ನೆಲದೊಳಗೆ ಅದೂ ಇದೂ ಒಂದೇ ಅಂತ ನಿನಗೆ ಅನ್ನಿಸಿಬಿಟ್ಟಿತ್ತು.

ಪರೀಕ್ಷೆ ಮಾಡಿದ ಆ ಮಧ್ಯಾಹ್ನ… ಇದನ್ನೇ ಹೇಳಬೇಕಾಗಿರುವುದು, ಚಿಕ್ಕಪ್ಪ. ನಾನು ಬೋರಿನ ಬಾಯಿಗೆ ಕಿವಿ ಇಟ್ಟು ಕೂತಿದ್ದೆ. ಹಾಲಪ್ಪಣ್ಣ ಪಕ್ಕದಲ್ಲಿ ನಿಂತು ಮುಸಿಮುಸಿ ನಗುತ್ತಿದ್ದ. ನೀನು ಹಾಳುಬಾವಿಯೊಳಕ್ಕೆ ಬಗ್ಗಿ ಕೂಗುವುದು, ಆಮೇಲೆ ಫೋನು ಮಾಡಿ ಕೇಳುವುದು. ಮೊದಲ ಸಲ “ಕೇಳಿಸ್ತಾ?” ಅಂದೆ ನೀನು. ನಾನು ಇಲ್ಲ ಅಂದೆ. ಎರಡನೇ ಸಲವೂ ಇಲ್ಲ ಅಂದೆ. ಮೂರನೇ ಸಲ ನೀನು “ಈಗಲಾದ್ರೂ ಕೇಳಿಸ್ತಾ?” ಅಂದೆ.

ನಾನು ಹೂಂ ಅಂದೆ.

“ಏನ್ ಕೇಳಿಸ್ತು?”

“ನನ್ನ ಹೆಸರು,” ಅಂದೆ.

ನೀನು ಇನ್ನೇನು ಕೂಗಿರುತ್ತೀಯ? ಊಹಿಸಲು ಕಷ್ಟವಿರಲಿಲ್ಲ. ನಿಜವಾಗಿ ಕೇಳಿಸಿದ್ದು ಗಾಳಿಯ ಸದ್ದು ಮಾತ್ರ, ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆ ಮಾಡುತ್ತಿರುವ ಹಾಗೆ. ಯಾಕೆ ಹಾಗಂದೆ? ಯಾರಿಗೂ ಮೂರು ಸಲ ಇಲ್ಲ ಅನ್ನಲು ನನಗೆ ಬರುವುದಿಲ್ಲ, ನಿಜ. ಆದರೆ ಅಷ್ಟೇ ಅಲ್ಲ. ಹೂಂ ಅಂದರೆ ನಿನ್ನ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆಯೂ ಇತ್ತು. ನೀನು ನೆಲದೊಳಗೆ ಇಣುಕುತ್ತಿದ್ದೆ, ನಾನು ನಿನ್ನೊಳಗೆ. ನೀನು ಮೂರು ಹೊಲ ಓಡಿಕೊಂಡೇ ಬಂದೆ. ನಾನು ಆ ಮುಖ ನೋಡಿದೆ. ಇವತ್ತಿಗೂ ನೋಡುತ್ತಿದ್ದೇನೆ.

ನಾಲ್ಕು ದಿನ ಕಳೆದು ನಾನು ತರೀಕೆರೆಯ ಕಾಲೇಜಿಗೆ ಸಂದರ್ಶನಕ್ಕೆ ಹೋದ ಹಗಲೇ ನೀನು ಅಡ್ಡಬೋರಿನ ದಾರಿ ನೋಡಲು ಆ ಬಾವಿಗೆ ಇಳಿದೆ. ಹಳೇ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಬೇಕು, ದೀಪ ಆರಿದರೆ ಅಲ್ಲಿ ಗಾಳಿ ಕೆಟ್ಟಿದೆ ಎಂದರ್ಥ, ಎಂದು ನನಗೆ ಹೇಳಿಕೊಟ್ಟವನು ನೀನು. ಹಗ್ಗ ಹಿಡಿದಿದ್ದವನು ಹಾಲಪ್ಪಣ್ಣ. ಅವನು ನಿನ್ನ ತಿಥಿಯ ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ.

“ದೀಪ ಬಿಟ್ಟು ನೋಡಣ್ಣ ಅಂದೆ ಕಣವ್ವ. ‘ನನ್ ಧ್ವನಿ ಕೂಸಿಗೆ ಮುಟ್ಟೈತೆ, ಧ್ವನಿ ಹೋಗೋ ದಾರೀಲಿ ಗಾಳಿ ಬರಲ್ವೇನೋ’ ಅಂದ. ಅರ್ಧ ಇಳಿಯೋ ಗಂಟ ಮಾತಾಡ್ತಾನೇ ಇದ್ದ. ಆಮೇಲೆ ಹಗ್ಗ ಸಡ್ಲಾಗೋಯ್ತು.”

ದೀಪ ನಿನ್ನ ಬೈಕಿನ ಚೀಲದಲ್ಲೇ ಇತ್ತು. ಮನೆಗೆ ತಂದುಕೊಟ್ಟರು. ಎಣ್ಣೆ ತುಂಬಿತ್ತು.

ಕೆಲಸ ಸಿಕ್ಕಿತು, ಚಿಕ್ಕಪ್ಪ. ಅದೂ ನಿನಗೆ ಗೊತ್ತಿಲ್ಲ. ತರೀಕೆರೆಯಲ್ಲಿ ಅತಿಥಿ ಉಪನ್ಯಾಸಕಿ. ಪಾಠದ ನಡುವೆ ಅರ್ಥವಾಯಿತೇ ಎಂದು ಕೇಳುತ್ತೇನೆ. ಎಲ್ಲರೂ ಒಟ್ಟಿಗೆ ಹೂಂ ಅನ್ನುತ್ತಾರೆ. ಆ ಹೂಂ ಎಂಥದ್ದು ಎಂದು ನನಗಲ್ಲದೆ ಯಾರಿಗೆ ಗೊತ್ತು? ಅವತ್ತೆಲ್ಲ ನನಗೆ ಮುಂದೆ ಪಾಠ ಓಡುವುದಿಲ್ಲ.

ಹಾಳುಬಾವಿಯನ್ನು ಊರವರು ಮಣ್ಣು ಹಾಕಿ ಮುಚ್ಚಿಸಿದರು. ನಾನು ಎಷ್ಟೋ ಭಾನುವಾರ ಬಸ್ಸು ಹತ್ತಿ ಹೋಗಿ, ನಿನ್ನ ಹಾಗೆ ಎಲೆ ಇಟ್ಟು ನೋಡಿದೆ. ಬೋರಿನ ಉಸಿರು ಮೊದಲು ಹೇಗಿತ್ತೋ ಹಾಗೇ ಇದೆ. ಬಿಸಿಲಲ್ಲಿ ಹೊರಕ್ಕೆ, ಸಂಜೆ ಒಳಕ್ಕೆ. ಒಂದು ದಿನವೂ ತಪ್ಪಿಲ್ಲ. ಅಂದರೆ ಅದಕ್ಕೂ ಬಾವಿಗೂ ಸಂಬಂಧವೇ ಇರಲಿಲ್ಲ. ನಿನ್ನ ಧ್ವನಿ ಆ ದಾರಿಯಲ್ಲಿ ಬರುವಂತೆಯೇ ಇರಲಿಲ್ಲ.

ನಿನ್ನೆ ಕೊನೆಯ ಸಲ ಹೋಗಿದ್ದೆ. ನಡುಮಧ್ಯಾಹ್ನ. ಹಾಲಪ್ಪಣ್ಣ ಮುಚ್ಚಳದ ಅಳತೆ ತೆಗೆದುಕೊಂಡು ಅಷ್ಟು ದೂರದಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಹೊಂಗೆ ಎಲೆಯನ್ನು ಪೈಪಿನ ಬಾಯಿಗೆ ಹಿಡಿದೆ. ಹೊರಗೆ ಬರುವ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಬಗ್ಗಿ, ನನಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದೆ: ಅವತ್ತು ನನಗೆ ಏನೂ ಕೇಳಿಸಿರಲಿಲ್ಲ ಚಿಕ್ಕಪ್ಪ, ಸುಳ್ಳು ಹೇಳಿದೆ.

ಎಲೆ ನಿಂತಿತು.

ಆಮೇಲೆ ನನ್ನ ಬೆರಳಿನಿಂದ ಜಾರಿ ಪೈಪಿಗೆ ಅಂಟಿಕೊಂಡಿತು. ನೆತ್ತಿಯ ಮೇಲೆ ಸೂರ್ಯನಿದ್ದ. ಆ ಹೊತ್ತಿನಲ್ಲಿ ಅದು ಒಳಕ್ಕೆ ಎಳೆದದ್ದನ್ನು ನೀನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಬೇಡದ ಮಾತು ಕೇಳಿ ಯಾರೋ ಉಸಿರು ಎಳೆದುಕೊಂಡ ಹಾಗೆ, ಒಂದೇ ಸಲ, ದೀರ್ಘವಾಗಿ. ಎಲೆಯ ನಡುವೆ ಹಳ್ಳ ಬಿತ್ತು, ನರ ಮುರಿಯಿತು, ಎಲೆ ಒಳಕ್ಕೆ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಗಾಳಿ ಮತ್ತೆ ಹೊರಗೆ ಬರತೊಡಗಿತು.

ಹಾಲಪ್ಪಣ್ಣ ಎದ್ದು ಬಂದು, “ಏನಾರಾ ಕೇಳಿಸ್ತೇನವ್ವ?” ಅಂದ. ಇಲ್ಲ ಅಂದೆ. ಅದು ಸುಳ್ಳಲ್ಲ. ನನಗೆ ಏನೂ ಕೇಳಿಸಲಿಲ್ಲ. ನಾನು ಹೇಳಿದ್ದು ಕೆಳಗೆ ಯಾರಿಗೋ ಕೇಳಿಸಿತು, ಅಷ್ಟೇ.

ನಿನ್ನ ಕ್ಯಾಮೆರಾ, ಕೇಬಲ್ಲು ಎರಡೂ ನನ್ನ ಮಂಚದ ಕೆಳಗಿವೆ. ಬೆಳಿಗ್ಗೆಯಿಂದ ಎರಡು ಸಲ ಚಾರ್ಜು ನೋಡಿದ್ದೇನೆ. ಮುಚ್ಚಳ ಬೀಳಲು ಇನ್ನೂ ಒಂದು ರಾತ್ರಿಯಿದೆ, ಪಂಚನಹಳ್ಳಿಗೆ ಎರಡು ಗಂಟೆಗೆ ಬಸ್ಸೂ ಇದೆ. ಆದರೂ ಮಾತು ಕೊಡುತ್ತೇನೆ, ನಾನು ಇಳಿಸಿ ನೋಡುವುದಿಲ್ಲ. ನೀನೂ ಒಂದು ಮಾತು ಕೊಡು, ಚಿಕ್ಕಪ್ಪ. ಅಲ್ಲಿಂದ ನನ್ನನ್ನು ಕೇಳಿಸ್ತಾ ಅಂತ ಮೂರು ಸಲ ಕೇಳಬೇಡ. ಮೂರನೇ ಸಲಕ್ಕೆ ನಾನು ಹೂಂ ಅನ್ನುವವಳೇ.

ನಿನ್ನ
ಗಿರ್ಜಿ