ಸುಮ್ಮನೆ ನಿಂತವರ ಪ್ರಶ್ನೆ

ಮುಖ್ಯೋಪಾಧ್ಯಾಯರಿಗೆ,

ಸಾಹಿತ್ಯ ಪರೀಕ್ಷೆಯ ತಯಾರಿಯಲ್ಲಿ ಕೊನೆ ಬೆಂಚಿನ ಹುಡುಗಿ ಶಾಲೆಯ ಸರಾಸರಿ ಇಳಿಸುತ್ತಿದ್ದಾಳೆ, ಅವಳನ್ನು ತಿದ್ದಿ ಎಂದು ಹೇಳಿ ಕಳಿಸಿದ್ದೀರಿ.

ಗದ್ಯಭಾಗದಲ್ಲಿ ಅಪ್ಪ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೋಗುತ್ತಾನೆ. ಮಗಳು ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಾಳೆ. ಅವಳಿಗೆ ಏನನ್ನಿಸಿತು, ಸರಿಯಾದ ಆಯ್ಕೆಗೆ ಗುರುತು ಹಾಕಿ ಎಂಬುದು ಪ್ರಶ್ನೆ. ಯಾರಾದರೂ ಸುಮ್ಮನೆ ನಿಂತರೆ ಕಣ್ಣು ಮುಚ್ಚಿಕೊಂಡು 'ದುಃಖ'ಕ್ಕೆ ಗುರುತು ಹಾಕಿಸಿ ಎಂಬ ಸೂತ್ರ ನೀವೇ ಕೊಟ್ಟಿದ್ದು. ತರಗತಿಯೆಲ್ಲ ಹಾಗೇ ಹಾಕಿತು. ಇವಳೊಬ್ಬಳು 'ನೆಮ್ಮದಿ'ಗೆ ಹಾಕಿದಳು.

"ಯಾಕಮ್ಮಾ?" ಎಂದೆ.

"ಇನ್ಮೇಲೆ ಹೊಡೆಯೋರು ಯಾರೂ ಇಲ್ವಲ್ಲ, ಟೀಚರ್."

ಗದ್ಯದಲ್ಲಿ ಹೊಡೆತದ ಮಾತೇ ಇಲ್ಲ. ಅದು ಎಲ್ಲಿಂದ ಬಂತೆಂದು ನಿಮಗೆ ಗೊತ್ತು. ಅವಳು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ಅವಳಪ್ಪ, "ಮೆಟ್ಟಿಲಿಂದ ಬಿದ್ಲು ಸಾರ್" ಎಂದು ನನ್ನೆದುರೇ ನಿಮಗೆ ಹೇಳಿದ. ಅವರದು ಮೆಟ್ಟಿಲೇ ಇಲ್ಲದ ಮನೆ, ನಿಮ್ಮ ಮನೆಯ ಎದುರಿಗೇ ಇದೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ ಕೇಳಿಸಿಕೊಂಡು, ನೀವು ಸುಮ್ಮನೆ ನಿಂತಿರಿ.

ಅವಳ ಉತ್ತರವನ್ನು ನಾನು ತಿದ್ದುವುದಿಲ್ಲ. ಬೇಕಿದ್ದರೆ ನಾಳೆ ನೀವೇ ಬಂದು, ಅವಳ ಮುಖ ನೋಡಿ, ತಪ್ಪೆಂದು ಹೇಳಿ. ಹಾಗೇ, ಅವತ್ತು ನೀವು ನಿಂತದ್ದಕ್ಕೂ 'ದುಃಖ' ಎಂದೇ ಗುರುತು ಹಾಕಬೇಕೇ, ತಿಳಿಸಿ.

ಇತಿ,
ಒಂಬತ್ತನೇ ತರಗತಿಯ ಭಾಷಾ ಶಿಕ್ಷಕಿ