ಅಡ್ವಾನ್ಸ್ ಕೇಳದ ಹನ್ನೊಂದು ದಿನ

ಫೆಬ್ರವರಿ 2, ಸೋಮವಾರ. ಸಂಜೆ 6

ಲೇಪಾಕ್ಷಿಗೆ ನಾಲ್ಕು ಟ್ರಿಪ್ಪು. ಟಿಕೆಟ್ ಮೆಷಿನ್ನಿನ ಚಾರ್ಜು ಮೂರನೆಯದಕ್ಕೇ ಖಾಲಿ. ಐನೂರರ ನೋಟು ಹಿಡಿದು ಹದಿನೈದು ರೂಪಾಯಿಯ ಟಿಕೆಟ್ ಕೇಳಿದವನಿಗೆ ಚೆನ್ನಾಗಿ ಬೈದೆ, ಆಮೇಲೆ ಚಿಲ್ಲರೆ ಕೊಟ್ಟೆ. ಹಿಂದೂಪುರ ಡಿಪೋಗೆ ಬಂದರೆ ಟ್ರಾನ್ಸ್‌ಫರ್ ಆರ್ಡರ್ ಕಾದಿತ್ತು. ಕಲ್ಯಾಣದುರ್ಗ. ಮಾರ್ಚ್ 2ಕ್ಕೆ ಅಲ್ಲಿ ಡ್ಯೂಟಿಗೆ ಹಾಜರಾಗಬೇಕು.

ಅಮ್ಮನಿಗೆ ಖುಷಿಯೋ ಖುಷಿ. ತವರು ಕಂಬದೂರು ಅಲ್ಲಿಂದ ಹತ್ತಿರ. "ಈ ಸಲ ಕೆಳಗಿನ್ ಮನೇನೇ ನೋಡು. ನನ್ ಮಂಡಿ ಇನ್ನ ಮೆಟ್ಲು ತಡಿಯಾಕಿಲ್ಲ" ಅಂದಳು.

ನಮ್ಮದು ಮಧ್ಯದ ಮಹಡಿ. ಮೇಲಿನ ಮಹಡಿಗೆ ಹೋಗಿ ಮನೆ ಓನರ್ ಮರುಳಪ್ಪನವರಿಗೆ ಹೇಳಿ ಬಂದೆ. "ನೀನು ಬೀಗ ಕೊಟ್ಟ ದಿನ ನಾನು ಅಡ್ವಾನ್ಸ್ ಕೊಟ್ಬುಡ್ತೀನಿ ಕಣಮ್ಮ. ಯಾರ್ ದುಡ್ಡೂ ನಾನು ಇಟ್ಕಂಡಿಲ್ಲ" ಅಂದರು.

ಎಪ್ಪತ್ತು ಸಾವಿರ. ಅಪ್ಪ ಹೋದ ಮೇಲೆ ಅಮ್ಮ ಮಗ್ಗ ಮಾರಿದ ದುಡ್ಡು ಅದು. ಆರು ವರ್ಷದ ಹಿಂದೆ ಸೀರೆ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟಿದ್ದಳು. ನಾನು ತಂದು ಮರುಳಪ್ಪನವರ ಕೈಗಿಟ್ಟೆ. ಒಂದು ಚೀಟಿ ಇಲ್ಲ. ದಿನಕ್ಕೆ ಐನೂರು ಟಿಕೆಟ್ ಕೊಡುವ ನಾನು ಎಪ್ಪತ್ತು ಸಾವಿರಕ್ಕೆ ಒಂದು ರಸೀದಿ ತೆಗೆದುಕೊಂಡಿಲ್ಲ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಫೆಬ್ರವರಿ 5, ಗುರುವಾರ. ಸಂಜೆ

ನಮ್ಮ ಬಸ್ಸಿನ ಡ್ರೈವರ್ ಓಬುಳೇಶನದು ಮೂರು ದಿನದಿಂದ ಅರೆ ತೆಲುಗಿನಲ್ಲಿ ಒಂದೇ ಹಾಡು. "ಅನ್ನೀ ಫೋಟೋ ತೀಯಂಡಿ ಅಕ್ಕಾ. ಗೋಡೆ, ನಲ್ಲಿ, ಕಿಟ್ಕಿ, ಒಂದೂ ಬಿಡ್ಬ್ಯಾಡಿ. ಹೋಗೋ ಟೈಮಲ್ಲಿ ಎಲ್ಲಾ ನೀವೇ ಒಡ್ದಿದ್ದು ಅಂತಾರೆ." ಅವನ ಮಾತು ಕೇಳಿ ಬೆಳಿಗ್ಗೆ ನಲವತ್ತೊಂದು ಫೋಟೋ ತೆಗೆದೆ. ಕಮೋಡಿಗೂ ಒಂದು.

ಸಂಜೆ ಮರುಳಪ್ಪನವರೇ ಇಳಿದು ಬಂದರು. ಮನೆ ನೋಡಬೇಕಂತೆ. ಬೆರಳು ತೋರಿಸಿ ಮೊಳೆ ಎಣಿಸಿದರು. ಒಂಬತ್ತು. ಆರು ನಾನು ಬರುವ ಮೊದಲೇ ಇದ್ದವು ಅಂದೆ. ಐದು ಅಂದರು. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ ಹಾಗಾಯಿತು. ಕೊನೆಗೆ ಪೇಂಟಿಗೆ ಮೂರು ಸಾವಿರ ಹಿಡಿಯುವುದು, ಅರವತ್ತೇಳು ಸಾವಿರ ವಾಪಸ್ ಕೊಡುವುದು ಅಂತ ಮಾತಾಯಿತು. ಅಮ್ಮ ಮಜ್ಜಿಗೆ ಕೊಟ್ಟಳು. ಕೂತು ಕುಡಿದರು.

"ಒಂದು ಚೀಟಿ ಬರೆದುಕೊಡಿ" ಅನ್ನಲು ಬಾಯಿವರೆಗೂ ಬಂತು. ಇಷ್ಟು ಸಲೀಸಾಗಿ ಒಪ್ಪಿದ ಮೇಲೆ ಚೀಟಿ ಕೇಳುವುದು ಹೇಗೆ... ಭಾನುವಾರ ರಜೆ. ಅವತ್ತು ಕೇಳಿದರಾಯಿತು.

ಫೆಬ್ರವರಿ 8, ಭಾನುವಾರ

ಮರುಳಪ್ಪನವರು ಹೋಗಿಬಿಟ್ಟರು. ಬೆಳಿಗ್ಗೆ ಐದೂವರೆಗೆ ಪೂಜೆಗೆ ಎದ್ದವರು ಹಾಗೇ ಕುಸಿದರಂತೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಮೇಲೆ ಹೋದೆ. ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಸರ್ವಮಂಗಳಮ್ಮ, ಅಳುತ್ತಿರಲಿಲ್ಲ. ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಬಂದು ತಬ್ಬಿಕೊಂಡರು. ಹತ್ತು ನಿಮಿಷ ನಿಂತು ಇಳಿದು ಬಂದೆ.

ಬರೆಯಲು ನಾಚಿಕೆಯಾಗುತ್ತದೆ. ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಸುದ್ದಿ ಕೇಳಿದಾಗ ಮೊದಲು ಮನಸ್ಸಿಗೆ ಬಂದದ್ದು ಅವರ ಮುಖವಲ್ಲ, ಅಡ್ವಾನ್ಸು.

ಫೆಬ್ರವರಿ 10, ಮಂಗಳವಾರ

ಓಬುಳೇಶ್ ಪ್ರಕಾರ ಇವತ್ತೇ ಕೇಳಬೇಕು. "ತಡ ಮಾಡಿದ್ರೆ ಮಗ ಇಲ್ಲ ಅಂತಾನೆ ಅಕ್ಕಾ. ನೋಡ್ಕಳಿ ಬೇಕಾದ್ರೆ."

ಅಮ್ಮ ಬೇರೆಯೇ ಹೇಳುತ್ತಾಳೆ. "ಸೂತಕದ್ ಮನೇಲಿ ದುಡ್ಡಿನ್ ಮಾತಾ? ಹನ್ನೊಂದ್ ದಿನ ಬಾಯಿ ಮುಚ್ಕಂಡಿರು. ನಿಮ್ಮಪ್ಪ ಹೋದಾಗ ನೂಲಿನ್ ಯಾಪಾರಿ ನಾಕ್ನೇ ದಿನಕ್ಕೇ ಬಂದ್ಬುಟ್ಟಿದ್ದ. ಮರ್ತೋಯ್ತಾ?"

ಮರೆತಿಲ್ಲ. ಬಾಗಿಲಲ್ಲಿ ನಿಂತು ಜೇಬಿನಿಂದ ಚೀಟಿ ತೆಗೆದಿದ್ದ. ಅಮ್ಮ ಎದ್ದು ಹೋಗಿ ಕಿವಿಯ ಓಲೆ ಬಿಚ್ಚಿ ಕೊಟ್ಟಿದ್ದಳು. ಅವನು ಕೇಳಿದ್ದು ನ್ಯಾಯದ ದುಡ್ಡೇ. ಆದರೂ ಇವತ್ತಿಗೂ ಅವನ ಅಂಗಡಿ ಮುಂದೆ ಬಸ್ಸು ಹೋದರೆ ನಾನು ಆ ಕಡೆ ನೋಡುವುದಿಲ್ಲ. ಅವನ ಹಾಗೆ ನಾನು ಮೇಲಿನ ಮನೆಯ ಬಾಗಿಲಲ್ಲಿ ನಿಲ್ಲುವುದಿಲ್ಲ. 18ಕ್ಕೆ ಹನ್ನೊಂದು ದಿನ. 19ಕ್ಕೆ ಕೇಳುತ್ತೇನೆ.

ಫೆಬ್ರವರಿ 12, ಗುರುವಾರ. ಮಧ್ಯಾಹ್ನ

ಮೇಲೆ ಇವತ್ತು ಐದನೇ ದಿನದ ಗಣಾರಾಧನೆ. ಜಂಗಮರು, ನೆಂಟರು, ಮೆಟ್ಟಿಲ ತುಂಬ ಚಪ್ಪಲಿ. ಮಗ ಅಮರೇಶ್ ಬಂದು ಊಟಕ್ಕೆ ಕರೆದ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಹೆಂಡತಿಯ ಜೊತೆ ಬೇರೆ ಮನೆಯಲ್ಲಿರುತ್ತಾನೆ. ಇಲ್ಲಿಗೆ ಬರುತ್ತಿದ್ದದ್ದು ಅಪರೂಪ.

ಊಟ ಮಾಡಿ ಕೈ ತೊಳೆಯುವಾಗ ಕಂಡಿತು. ಟೆರೇಸಿನ ಒಂದು ಮೂಲೆಯಲ್ಲಿ ಏಳೆಂಟು ಜನ, ಮಧ್ಯೆ ಅಮರೇಶ್, ತೊಡೆ ಮೇಲೆ ನೋಟ್‌ಬುಕ್. ಯಾರೋ ದುಡ್ಡು ಎಣಿಸುತ್ತಿದ್ದರು. ಐದು ದಿನಕ್ಕೇ! ಥೂ ಅನ್ನಿಸಿತು. ಸರ್ವಮಂಗಳಮ್ಮನವರನ್ನೂ ಮಾತಾಡಿಸದೆ ಇಳಿದು ಬಂದೆ. ಮಾತಾಡಿಸಿದರೆ ನಾನೂ ಆ ಗುಂಪಿನವಳೇ ಅಂದುಕೊಂಡಾರು ಅನ್ನುವ ಹೆದರಿಕೆ. ಎರಡು ಗಂಟೆಗೆ ಡ್ಯೂಟಿಯೂ ಇದೆ.

ಫೆಬ್ರವರಿ 16, ಸೋಮವಾರ

ನಾಲ್ಕು ದಿನ ಬರೆದಿಲ್ಲ. ಶಿವರಾತ್ರಿ ಸ್ಪೆಷಲ್ ಬಸ್ಸುಗಳು, ಲೇಪಾಕ್ಷಿಗೆ ಕಾಲಿಡಲಾಗದಷ್ಟು ಜನ. ಕಾಲು ಊದಿದೆ.

ಕಲ್ಯಾಣದುರ್ಗದಿಂದ ಬೀರಕ್ಕ ಫೋನ್ ಮಾಡಿದ್ದಳು. ನಾವು ಗೊತ್ತು ಮಾಡಿಟ್ಟ ಕೆಳಗಿನ ಮನೆಯ ಓನರ್ ಅವಳೇ. "ಇಪ್ಪತ್ತೈದ್ರ ತಂಕ ತಡಿತೀನಿ ಕಣಮ್ಮ. ಐವತ್ ಸಾವ್ರ ಬರ್ಲಿಲ್ಲ ಅಂದ್ರೆ ಬ್ಯಾರೇರ್ಗೆ ಕೊಟ್ಬುಡ್ತೀನಿ. ನಂಗೂ ಕಷ್ಟ ಐತೆ." ನನ್ನ ಹತ್ತಿರ ಇರುವುದು ಹನ್ನೊಂದು ಸಾವಿರ. ಆ ಮನೆ ಹೋದರೆ ಮತ್ತೆ ಮೆಟ್ಟಿಲಿನ ಮನೆಯೇ ಗತಿ. ಅಮ್ಮ ನಿನ್ನೆ ಹಾಲು ತರಲು ಇಳಿದವಳು ಹತ್ತಲಾರದೆ ಕೆಳಗೇ ಅರ್ಧ ಗಂಟೆ ಕೂತಿದ್ದಳಂತೆ.

ಇನ್ನೆರಡು ದಿನ.

ಫೆಬ್ರವರಿ 19, ಗುರುವಾರ. ಬೆಳಿಗ್ಗೆ 9

ತಲೆಗೆ ಸ್ನಾನ ಮಾಡಿ, ಬಾಳೆಹಣ್ಣು ಹಿಡಿದು ಮೇಲೆ ಹೋದೆ. ಅಮರೇಶ್ ಇದ್ದ. ಒಳಗೆ ಚಾಪೆ ಮೇಲೆ ಸರ್ವಮಂಗಳಮ್ಮ, ಗೋಡೆ ಕಡೆ ಮುಖ. ಹೊಸ್ತಿಲಾಚೆ ನಿಂತೇ ಅಮರೇಶನಿಗೆ ವಿಷಯ ಹೇಳಿದೆ.

ಅವನಿಗೆ ನಿಜವಾಗಿಯೂ ಆಶ್ಚರ್ಯ. "ಅಡ್ವಾನ್ಸಾ? ಇವತ್ ಹೇಳ್ತೀರಲ್ಲ ಅಕ್ಕಾ?"

"ಹನ್ನೊಂದು ದಿನ ಆಗ್ಲಿ ಅಂತ ಕಾದೆ ಅಮರೇಶಪ್ಪ. ಸೂತಕದಲ್ಲಿ ಹೆಂಗೆ ಕೇಳಾದು?"

"ಲಿಂಗ ಕಟ್ಟಿದೋರಿಗೆ ಎಲ್ಲೀ ಸೂತಕ ಅಕ್ಕಾ? ನಮ್ಗೆ ಅದೆಲ್ಲ ಇಲ್ಲ. ಐದ್ನೇ ದಿನ ಎಲ್ರೂ ಕೂಡಿದ್ದಾಗ ನಾನೇ ಎದ್ದು ನಿಂತು ಹೇಳ್ದೆ, ಅಪ್ಪಂಗೂ ನಿಮ್ಗೂ ಕೊಡಾದು ತಗಳಾದು ಏನಿದ್ರೂ ಈಗ್ಲೇ ಹೇಳ್ಬುಡಿ ಅಂತ. ಯಾರೂ ಅಪ್ಪನ್ ಹೆಸ್ರಿಗೆ ಬಾಕಿ ಅನ್ಬಾರ್ದು ಅಂತ. ಅಂಗ್ಡಿ ದುಡ್ಡು ತಂದು ಕೊಟ್ಟೆ. ನೀವು ಊಟ ಮಾಡಿ ಹೊಂಟೋದ್ರಿ. ನಿಮ್ದೇನೂ ಇಲ್ಲ ಅಂದ್ಕಂಡೆ."

ಅಂದರೆ ನಾನು ಥೂ ಅಂದದ್ದು ಅದಕ್ಕೆ.

ಚೀಟಿ ಇದೆಯಾ ಅಂದ. ಇಲ್ಲ ಅಂದೆ. ಅಪ್ಪ ನನಗೇನೂ ಹೇಳಿಲ್ಲ ಅಂದ. ದನಿ ಏರಿಸಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಬಾಳೆಹಣ್ಣು ಹೊಸ್ತಿಲ ಮೇಲಿಟ್ಟು ಬಂದೆ. ಸರ್ವಮಂಗಳಮ್ಮ ತಿರುಗಲೇ ಇಲ್ಲ.

ಫೆಬ್ರವರಿ 20, ಶುಕ್ರವಾರ

ಇಡೀ ದಿನ ಸಿಟ್ಟು. ಅಮ್ಮನ ಮೇಲೆ, ಅಮರೇಶನ ಮೇಲೆ, ಸತ್ತವರ ಮೇಲೂ. ಎರಡು ರೂಪಾಯಿ ಚಿಲ್ಲರೆ ಬಿಟ್ಟುಕೊಡು ಅಂದ ಮುದುಕನಿಗೆ ಬಸ್ಸು ನಡುಗುವ ಹಾಗೆ ಕೂಗಿದೆ. ಓಬುಳೇಶ್ ಕನ್ನಡಿಯಲ್ಲಿ ನೋಡಿದ.

"ಬೀಗ ಕೊಡ್ಬ್ಯಾಡಿ ಅಕ್ಕಾ" ಅಂದ ಟೀ ಕುಡಿಯುವಾಗ. "ಸಾಮಾನು ಸಾಗ್ಸಿ ನಿಮ್ ಬೀಗ ಜಡ್ದು ಹೋಗಿ. ಎರಡ್ ತಿಂಗ್ಳು ಬಾಡ್ಗೆ ಇಲ್ದೆ ಮನೆ ಕೂತ್ರೆ ವಾಳ್ಳೇ ಫೋನ್ ಚೇಸ್ತಾರು, ಅವ್ರೇ ಮಾಡ್ತಾರೆ."

ಸರಿ ಅನ್ನಿಸಿತು. ಬರುತ್ತಾ ಹೊಸ ಬೀಗ ತಂದೆ. ಮುನ್ನೂರ ಎಂಬತ್ತು ರೂಪಾಯಿ. ಅಮ್ಮನಿಗೆ ತೋರಿಸಿದೆ. ಮುಟ್ಟಲಿಲ್ಲ. ಹತ್ತೇ ದಿನಕ್ಕೆ ನೂಲಿನ ವ್ಯಾಪಾರಿಗಿಂತ ಮುಂದೆ ಹೋಗಿದ್ದೇನೆ ಅನ್ನುವುದು ನನಗೂ ಗೊತ್ತು. ಆದರೆ ದುಡ್ಡು ನಮ್ಮದು.

ಫೆಬ್ರವರಿ 22, ಭಾನುವಾರ. ಸಂಜೆ 7

ರಜೆ ಇಲ್ಲ, ಎಕ್ಸ್‌ಟ್ರಾ ಡ್ಯೂಟಿ. ಮೂರಕ್ಕೆ ಬಂದರೆ ಮನೆ ಬಾಗಿಲು ತೆರೆದಿದೆ, ಅಮ್ಮ ಇಲ್ಲ. ಬೀದಿಗೆ ಇಳಿದು ನೋಡಿದೆ. ಆಮೇಲೆ ಮೇಲಿನಿಂದ ದನಿ ಕೇಳಿತು.

ಹದಿನೆಂಟು ಮೆಟ್ಟಿಲು ಹತ್ತಿ ಹೋಗಿದ್ದಳು. ಸರ್ವಮಂಗಳಮ್ಮನವರ ಚಾಪೆ ಮೇಲೆ ಕಾಲು ಚಾಚಿ ಕೂತಿದ್ದಳು. ಇಬ್ಬರ ಮಧ್ಯೆ ಬಿಡಿಸಿದ ಅವರೆಕಾಯಿಯ ರಾಶಿ. ದುಡ್ಡಿನ ಮಾತು ಎತ್ತಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಅಪ್ಪ ಹೋದ ವರ್ಷದ ಮಾತು ನಡೆದಿತ್ತು.

ನಾನು ಬಾಗಿಲಲ್ಲೇ ನಿಂತೆ. ಸರ್ವಮಂಗಳಮ್ಮ ಕೈ ನಿಲ್ಲಿಸದೆ ಹೇಳಿದರು, "ಎಪ್ಪತ್ ಸಾವ್ರ. ನಾನೇ ಎಣ್ಸಿ ಬೀರುವಲ್ಲಿ ಇಟ್ಟಿದ್ದೆ. ನಂಗೆ ಗೊತ್ತಿಲ್ದೆ ಏನು?"

ನಾನು ಕೇಳಿದೆ, "ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ ನೀವು?"

"ನೀನು ಅಮರೇಶನ್ನ ಕೇಳ್ದೆ. ನನ್ ಕಡೆ ನೋಡಿದ್ಯಾ?" ಆಗ ಕೈ ನಿಂತಿತು. "ಅವ್ರು ಹೋದ್ ದಿನದಿಂದ ದಿನಾ ಸಂಜೆ ನಿನ್ ಹೆಜ್ಜೆ ಸದ್ದು ಕೇಳ್ತಿದ್ದೆ ಕಣಮ್ಮ. ನೀನು ಮೆಟ್ಲು ಹತ್ತಿ ಬತ್ತಿದ್ದೆ, ಸದ್ದು ನಿನ್ ಬಾಗ್ಲಲ್ಲೇ ನಿಂತೋಗದು. ಇವತ್ತು ಬತ್ತಾಳೆ, ನಾಳೆ ಬತ್ತಾಳೆ ಅಂತ. ಆರ್ ವರ್ಷ ಒಂದೇ ಮೆಟ್ಲು ಹತ್ತಿಳ್ದೋರು. ಏನ್ ತಪ್ ಮಾಡಿದ್ವಿ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಯ್ತು."

ಬಂದರೆ ದುಡ್ಡಿಗೆ ಬಂದಳು ಅಂದುಕೊಳ್ಳುತ್ತೀರಿ ಅಂತ ಬರಲಿಲ್ಲ ಅಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

"ದುಡ್ಡು ಕೇಳಾಕಾದ್ರೂ ಬರ್ಬೋದಿತ್ತಲ್ಲಮ್ಮ" ಅಂದರು.

ನಾನು ಅತ್ತುಬಿಟ್ಟೆ. ಅವರೂ ಅತ್ತರು. ಅಮ್ಮ ಮಾತ್ರ ಅವರೆಕಾಯಿ ಬಿಡಿಸುತ್ತಿದ್ದಳು.

ಫೆಬ್ರವರಿ 24, ಮಂಗಳವಾರ. ಸಂಜೆ

ಅಮರೇಶ್ ಬಂದಿದ್ದ. ಮುಖ ಸಣ್ಣದಾಗಿತ್ತು. "ತಪ್ ತಿಳ್ಕಬ್ಯಾಡಿ ಅಕ್ಕಾ. ಅಮ್ಮನ್ ಕೇಳ್ಬೇಕು ಅಂತ ನಂಗೂ ಹೊಳೀಲಿಲ್ಲ." ನಲವತ್ತು ಸಾವಿರ ಕೊಟ್ಟ. ಉಳಿದ ಮೂವತ್ತಕ್ಕೆ ಮಾರ್ಚ್ ಕೊನೆ ಅಂತ ಅಂಗಡಿ ಲೆಟರ್‌ಹೆಡ್ಡಿನ ಮೇಲೆ ಬರೆದು ತಂದಿದ್ದ. ಮೂವತ್ತಲ್ಲ ಇಪ್ಪತ್ತೇಳು, ಪೇಂಟಿಗೆ ಮೂರು ಸಾವಿರ ಅಂತ ನಿಮ್ಮಪ್ಪನೂ ನಾನೂ ಮಾತಾಡಿಕೊಂಡಿದ್ದೆವು ಅಂದೆ. ನನ್ನನ್ನೇ ನೋಡಿದ. "ಯಾವಾಗ ಮಾತಾಡಿದ್ರು?" ಅವರು ಹೋಗುವ ಮೂರು ದಿನ ಮೊದಲು, ಗುರುವಾರ ಸಂಜೆ ಅಂದೆ. ಮೊಳೆ ಎಣಿಸಿದ್ದು, ಮಜ್ಜಿಗೆ ಕುಡಿದದ್ದು, ಎಲ್ಲಾ ಕೇಳಿ ಕೇಳಿ ಹೇಳಿಸಿಕೊಂಡ. ಆಮೇಲೆ ತಿದ್ದಿ ಸಹಿ ಹಾಕಿದ.

ಬೀರಕ್ಕನಿಗೆ ಐವತ್ತು ಕಳಿಸಿದೆ. ಮನೆ ನಮ್ಮದಾಯಿತು. ಮೂರು ಸಾವಿರದ ಕಥೆ ಕೇಳಿ ಓಬುಳೇಶ್ ಸ್ಟೇರಿಂಗ್ ಮೇಲೆ ತಲೆ ಇಟ್ಟು ನಕ್ಕ.

ಫೆಬ್ರವರಿ 28, ಶನಿವಾರ

ಲಗೇಜ್ ಆಟೋ ಹೋಯಿತು. ಗುಡಿಸಿ, ಒರೆಸಿ, ಬೀಗದ ಕೈ ಸರ್ವಮಂಗಳಮ್ಮನವರಿಗೇ ಕೊಟ್ಟೆ. ಅಮ್ಮನಿಗೆ ಕುಂಕುಮ ಇಲ್ಲ, ಅವರಿಗೂ ಈಗ ಇಲ್ಲ. ಇಬ್ಬರೂ ಕೈ ಹಿಡಿದು ನಿಂತಿದ್ದರು. ಬಸ್ಸಿಗೆ ಹೊತ್ತಾಯಿತು ಅಂತ ನಾನೇ ಬಿಡಿಸಬೇಕಾಯಿತು.

ಮಾರ್ಚ್ 5, ಗುರುವಾರ. ಕಲ್ಯಾಣದುರ್ಗ

ಸೆಟ್ಟೂರು ರೂಟು. ಧೂಳು, ಕುರಿ, ಮತ್ತೆ ಧೂಳು. ಹೊಸ ಡ್ರೈವರು ಬಾಯೇ ಬಿಡುವುದಿಲ್ಲ. ಅಮ್ಮ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಹೋಗುವವರನ್ನೆಲ್ಲ ಮಾತಾಡಿಸುತ್ತಾಳೆ, ಬೀದಿ ಆಗಲೇ ಅವಳದಾಗಿದೆ.

ಐದು ದಿನದಿಂದ ಫೋನ್ ಕೈಗೆತ್ತಿಕೊಂಡು ಇಡುತ್ತಿದ್ದೇನೆ. ಸರ್ವಮಂಗಳಮ್ಮನವರಿಗೆ ಮಾಡಿದರೆ ಇಪ್ಪತ್ತೇಳು ಸಾವಿರ ನೆನಪಿಸಲು ಮಾಡಿದಳು ಅಂದುಕೊಂಡರೆ... ತಿಂಗಳ ಕೊನೆಗೆ ದುಡ್ಡು ಬಂದ ಮೇಲೆ ಮಾಡಿದರಾಯಿತು.

ಬರೆದು ಓದಿದೆ. ಅದೇ ಬುದ್ಧಿ. ಒಂದಿಷ್ಟೂ ಬದಲಾಗಿಲ್ಲ.

ಮಾರ್ಚ್ 8, ಭಾನುವಾರ. ಹಿಂದೂಪುರ ಬಸ್ ಸ್ಟ್ಯಾಂಡು, ಸಂಜೆ 5

ವಾಪಸ್ ಬಸ್ಸಿಗೆ ಇನ್ನೂ ಅರ್ಧ ಗಂಟೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ರಜೆ ಅಂತ ಎದ್ದವಳು ಬಸ್ಸು ಹತ್ತಿಬಿಟ್ಟೆ. ಹನ್ನೊಂದೂವರೆಗೆ ಆ ಮೆಟ್ಟಿಲು. ನಮ್ಮ ಮನೆ ಬಾಗಿಲಿಗೆ ಅವರ ಬೀಗ, ಬಾಡಿಗೆಗೆ ಅಂತ ಬೋರ್ಡು. ನಿಲ್ಲಲಿಲ್ಲ, ಹತ್ತಿದೆ.

ಬಾಗಿಲು ತೆಗೆದವನು ಅಮರೇಶ್. ನನ್ನನ್ನು ನೋಡಿ ಪೆಚ್ಚಾದ. "ಅಕ್ಕಾ, ತಿಂಗ್ಳ ಕೊನೇಗೆ ಅಂತ ಬರ್ದು ಕೊಟ್ಟಿದ್ನಲ್ಲಾ..."

ಅಂದುಕೊಂಡದ್ದೇ ಆಯಿತು. ಅದಕ್ಕಲ್ಲ ಬಂದದ್ದು ಅನ್ನಬಹುದಿತ್ತು, ನಂಬುತ್ತಿರಲಿಲ್ಲ. ನಂಬದಿದ್ದರೆ ಬಿಡಲಿ. ಚಪ್ಪಲಿ ಬಿಟ್ಟೆ. ಒಳಗಿನಿಂದ ಸರ್ವಮಂಗಳಮ್ಮ, "ಯಾರಪ್ಪ ಅದು, ಕಲ್ಪನಾನಾ? ಹೆಜ್ಜೆ ಅವಳ್ದೇ" ಅಂದರು. ಅಮರೇಶ್ ಪಕ್ಕಕ್ಕೆ ಸರಿದ. ಒಳಗೆ ಹೋದೆ. ಚಾಪೆಯ ಮೇಲೆ ಜರುಗಿ ಜಾಗ ಮಾಡಿಕೊಟ್ಟರು. ಯಾಕೆ ಬಂದೆ ಅಂತ ಕೇಳಲಿಲ್ಲ. ಕೂತೆ. ಅವರೇ, ಅವತ್ತು ಬೆಳಿಗ್ಗೆ ಐದೂವರೆಗೆ ಏನಾಯಿತು ಅಂತ ಮೊದಲಿನಿಂದ ಹೇಳಲು ಶುರು ಮಾಡಿದರು. ಎದ್ದವರು ಮೊದಲು ಕೇಳಿದ್ದು...

ಬಸ್ಸು ಬಂತು.