ಆಟಿಯಲ್ಲಿ ಮಾತ್ರ ತೆರೆಯುವ ಆಟ

ಜುಲೈ ೧೭, ಗುರುವಾರ. ಬೆಳಿಗ್ಗೆ ೮.೩೦
ಆಫೀಸಿನಲ್ಲಿ ನಾನೊಬ್ಬಳೇ. ಇವತ್ತಿನಿಂದ ಆಟಿ, ತುಳುವರ ಮಳೆ ತಿಂಗಳು. ನಮ್ಮ ಆಟಗಳ ಸೈಟಿನಲ್ಲಿ, ಗುಳಿಗಳಿಗೆ ಕಾಯಿ ಹಾಕಿ ಆಡುವ ಚೆನ್ನೆಮಣೆ ತಾನಾಗಿ ತೆರೆದುಕೊಂಡಿದೆ. ಉಳಿದ ಆಟಗಳೆಲ್ಲ ವರ್ಷವಿಡೀ. ಇದೊಂದು ಆಟಿ ತಿಂಗಳು ಮಾತ್ರ. ಊರಲ್ಲಿ ಅಟ್ಟದಿಂದ ಮಣೆ ಇಳಿಸುವುದು ಆಗಲೇ ಎಂದು ತಂಗಿ ಹಟ ಹಿಡಿದು ಬರೆದ ಕೋಡ್.

ಕೊಚ್ಚಿಯ ಕಲೂರಿನ ಒಂದು ಕೋಣೆಯಲ್ಲಿ ನಾನೂ ತಂಗಿ ಪ್ರತೀಕ್ಷಾಳೂ ಶುರು ಮಾಡಿದ ಕಂಪನಿ. ಫ್ರೀ ಆಟ, ಡೌನ್‌ಲೋಡ್ ಬೇಡ, ಲಾಗಿನ್ ಬೇಡ, ಬ್ರೌಸರ್ ಸಾಕು. ಮೊದಲ ಆಟವೇ ಚೆನ್ನೆ. ಕಾಸರಗೋಡಿನಿಂದ ಅಮ್ಮ ಫೋನಿನಲ್ಲೇ ಬೈದಿದ್ದಳು. “ಅಕ್ಕ ತಂಗಿ ಚೆನ್ನೆ ಆಡ್ಬಾರ್ದು. ಜಗಳ ಆಗ್ತದೆ.”
“ಆಡುದಲ್ಲ ಅಮ್ಮಾ, ಮಾಡುದು” ಅಂದಿದ್ದಳು ಪ್ರತೀಕ್ಷಾ.

ಈಗ ಎರಡು ಮಹಡಿ, ನಲವತ್ತು ಜನ. ಅವಳಿಲ್ಲ. ಆಟಕ್ಕೆ ಮೊದಲು ಜಾಹೀರಾತು ಬೇಡ ಎಂದಳು. ನಾನು ಬೇಕೆಂದೆ. “ನಿನ್ನ ಕಂಪನಿ ನೀನೇ ಇಟ್ಕೋ” ಎಂದು ತಿರುವನಂತಪುರದಲ್ಲಿ ಕೆಲಸ ಹಿಡಿದಳು. ಕಳೆದ ಓಣಂ ನಂತರ ಮಾತಿಲ್ಲ.

ಜುಲೈ ೨೨
ಸೈಟನ್ನು ಹೊಸದಾಗಿ ಕಟ್ಟುವ ಬಗ್ಗೆ ಮೀಟಿಂಗ್. ಶ್ರೀನಿಧಿ — ಹೊಸ ಮ್ಯಾನೇಜರ್, ಮೈಸೂರಿನವನು — ಚೆನ್ನೆಯ ಮೇಲೆ ಕೆಂಪು ಗೀಟು ಹಾಕಿದ. “ಹೊಸ ಸೈಟಿಗೆ ಇದು ಬೇಡ ಮೇಡಂ. ವರ್ಷಕ್ಕೊಂದು ತಿಂಗಳು ಅಂಗಡಿ ತೆಗೆಯೋರು ಯಾರಿದ್ದಾರೆ?”
ಅವನು ಹೇಳಿದ್ದು ಸರಿಯೇ. ಹೂಂ ಎಂದೆ. ಆಟಿ ಮುಗಿದ ಮೇಲೆ ಚೆನ್ನೆಯನ್ನು ತೆಗೆದುಹಾಕುವುದು.

ಜುಲೈ ೨೯. ಊಟದ ಹೊತ್ತು
ಸುಮ್ಮನೆ ಗೆಸ್ಟ್ ಆಗಿ ಆಡಲು ಕೂತೆ. ಎದುರಿಗೂ ಒಬ್ಬ ಗೆಸ್ಟ್. ಮೊದಲ ನಡೆಯೇ ನಟ್ಟನಡುವಿನ ಗುಳಿಯಿಂದ. ಸೋಲುವ ಶುರು ಅದು. ಕೋಡ್ ಪರೀಕ್ಷಿಸುವಾಗ ನಾನು ನೂರು ಸಲ ಹೇಳಿದರೂ ಹಾಗೇ ಶುರು ಮಾಡುತ್ತಿದ್ದವಳು ಪ್ರತೀಕ್ಷಾ ಒಬ್ಬಳೇ.
ಡ್ಯಾಶ್‌ಬೋರ್ಡ್ ನೋಡಿದೆ. ತಿರುವನಂತಪುರ.
ಮೋರುಕರಿ ಅನ್ನ ಹಾಗೇ ಆರಿಹೋಯಿತು.

ಆಗಸ್ಟ್ ೬
ದಿನಾ ಬರುತ್ತಾಳೆ, ಊಟದ ಹೊತ್ತಿಗೆ. ಜಾಹೀರಾತು ನೋಡಿಕೊಂಡೇ ಬರುತ್ತಾಳಲ್ಲ, ಪಾಪ. ಸೋತು ಹೋಗುತ್ತಾಳೆ. ಚಾಟ್ ಇಲ್ಲ... ಬೇಡವೆಂದದ್ದು ನಾವೇ. ಎದುರಿಗಿರುವುದು ಅಕ್ಕ ಎಂದು ಗೊತ್ತೋ ಇಲ್ಲವೋ.
ಆಡಿದರೆ ಜಗಳವಂತೆ. ನಮ್ಮದು ಆಡದೆಯೇ ಆಯಿತು. ಈಗ ಆಡಿ ನೋಡುವ.
ದನಿ ಕೇಳಬೇಕು ಅವಳದ್ದು. ಬೈದರೂ ಸರಿ.

ಆಗಸ್ಟ್ ೧೬, ಶನಿವಾರ. ಸಂಜೆ
ಆಟಿ ಮುಗಿಯಿತು. ಆರಕ್ಕೆ ಮಣೆ ಮುಚ್ಚಬೇಕು. ಆಟ ಅರ್ಧದಲ್ಲಿದ್ದರೆ ಮಾತ್ರ ಮುಚ್ಚುವುದಿಲ್ಲ. ಆಡುವವರ ಮುಂದಿನಿಂದ ಮಣೆ ಎತ್ತಬಾರದು — ಅದೂ ಅವಳದೇ ಕೋಡ್.
ಇವತ್ತು ಮೊದಲ ಸಲ ಅವಳು ಗೆಲ್ಲುವುದರಲ್ಲಿದ್ದಾಳೆ. ಒಂದೇ ನಡೆ ಬಾಕಿ. ಆಡುವುದಿಲ್ಲ. ಆರಾಯಿತು. ಏಳಾಯಿತು. ಆಡುವುದಿಲ್ಲ.
ಗೊತ್ತಿದೆ ಅವಳಿಗೆ, ಎದುರಿಗಿರುವುದು ನಾನೆಂದು.

ಆಗಸ್ಟ್ ೧೮, ಸೋಮವಾರ
ಮುಂದಿನ ತಿಂಗಳು ಸೋಣ ಬಂದರೂ ಮಣೆ ತೆರೆದೇ ಇದೆ.
“ಮೇಡಂ, ಚೆನ್ನೇಲಿ ಒಂದು ಆಟ ಸ್ಟಕ್ ಆಗಿದೆ. ಮಧ್ಯಾಹ್ನ ಹೊಸ ಸೈಟ್. ಕ್ಲೋಸ್ ಮಾಡಿಬಿಡ್ಲಾ?”
“ಮುಟ್ಬೇಡಿ ಶ್ರೀನಿಧಿ. ಸ್ಟಕ್ ಅಲ್ಲ. ನನ್ನ ತಂಗಿ ಆಡ್ತಾ ಇದ್ದಾಳೆ.”
ಪಾಪ, ಏನೂ ಅರ್ಥವಾಗದೆ ಹೋದ.

ಫೋನ್ ಹಚ್ಚಿದೆ. ಎಂತ ಹೇಳುವುದೆಂದು ಯೋಚಿಸುವಷ್ಟರಲ್ಲಿ ಎತ್ತಿದಳು. ಅವಳ ಹಿಂದೆ ಬಸ್ಸಿನ ಹಾರ್ನ್.
“ಪ್ರತೀ, ನಿನ್ನ ಸರದಿ. ಆಡು” ಎಂದೆ.
“ಆಡಿದ್ರೆ ಮುಗೀತದಲ್ಲ ಅಕ್ಕಾ” ಎಂದಳು.
“ಮುಗೀಲಿ. ಮಣೆ ಎತ್ತುದಿಲ್ಲ, ಇನ್ನೊಂದು ಆಡುವ” ಎಂದೆ.